ಮಣಿಕಟ್ಟಿನ ಚಲನೆಯನ್ನು ಅಳೆಯುವುದು ಹೇಗೆ?

ಮಣಿಕಟ್ಟು 70 ಡಿಗ್ರಿ ಬಾಗಿತು ಎಂದು ಸಂಶೋಧನಾ ಪ್ರಬಂಧವೊಂದು ಬರೆದಾಗ, ಆ ಸಂಖ್ಯೆ ಉದ್ದ ತೂಕಗಳಂತೆ ನೇರವಾಗಿ ಸಿಕ್ಕ ಅಳತೆಯೆಂದು ಓದುಗರಿಗೆ ಅನ್ನಿಸುವುದು ಸಹಜ. ವಾಸ್ತವದಲ್ಲಿ ಆ 70ರ ಹಿಂದೆ ಹಲವು ನಿರ್ಧಾರಗಳಿರುತ್ತವೆ. ಸೊನ್ನೆಯನ್ನು ಎಲ್ಲಿ ಇಟ್ಟುಕೊಂಡರು, ಕೋನವನ್ನು ಯಾವ ಎರಡು ಮೂಳೆಗಳ ನಡುವೆ ಲೆಕ್ಕ ಹಾಕಿದರು, ಅದು ಯಾವ ಅಕ್ಷದ ಸುತ್ತಲಿನ ಕೋನ, ಆಗ ಬೆರಳುಗಳು ಬಿಚ್ಚಿದ್ದವೇ ಮುಷ್ಟಿಯಾಗಿದ್ದವೇ, ಕೈಯನ್ನು ಅದರ ಒಡೆಯರೇ ಬಾಗಿಸಿದರೇ ಅಥವಾ ಪರೀಕ್ಷಕರು ಒತ್ತಿ ಬಾಗಿಸಿದರೇ ಎಂಬ ಪ್ರಶ್ನೆಗಳಲ್ಲಿ ಒಂದರ ಉತ್ತರ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಮಣಿಕಟ್ಟಿನ ವಿಷಯದಲ್ಲಿ ಉಪಕರಣದ ಸೂಕ್ಷ್ಮತೆಯಷ್ಟೇ, ಬಹಳ ಸಲ ಅದಕ್ಕಿಂತ ಹೆಚ್ಚಾಗಿ, ಈ ನಿರ್ಧಾರಗಳೇ ಫಲಿತಾಂಶವನ್ನು ರೂಪಿಸುತ್ತವೆ. ಆದ್ದರಿಂದ ಉಪಕರಣಗಳ ವಿವರಣೆಗೆ ಮೊದಲು ಅಳೆಯಬೇಕಾದ ವಸ್ತು ಯಾವುದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು.

ಹೊರಗಿನಿಂದ ನೋಡಿದರೆ ಮಣಿಕಟ್ಟು ಒಂದೇ ಕೀಲು. ಒಳಗೆ ಅದು ಬಾಗಿಲಿನ ಕೀಲಿನಂತೆ ಒಂದು ಕಡ್ಡಿಯ ಸುತ್ತ ತಿರುಗುವ ರಚನೆಯೇ ಅಲ್ಲ. ಮುಂದೋಳಿನ ರೇಡಿಯಸ್ ಮತ್ತು ಅಲ್ನಾ ಎಂಬ ಎರಡು ಉದ್ದ ಮೂಳೆಗಳಿಗೂ ಅಂಗೈಯ ಐದು ಮೆಟಾಕಾರ್ಪಲ್ ಮೂಳೆಗಳಿಗೂ ನಡುವೆ ಎಂಟು ಸಣ್ಣ ಮೂಳೆಗಳು ಎರಡು ಸಾಲುಗಳಲ್ಲಿ ಕುಳಿತಿವೆ. ಮುಂದೋಳಿಗೆ ಹತ್ತಿರದ ಸಾಲಿನಲ್ಲಿ ಸ್ಕೇಫಾಯ್ಡ್, ಲೂನೇಟ್, ಟ್ರೈಕ್ವೆಟ್ರಮ್ ಮತ್ತು ಪಿಸಿಫಾರ್ಮ್ ಇವೆ. ಬೆರಳುಗಳ ಕಡೆಯ ಸಾಲಿನಲ್ಲಿ ಟ್ರೆಪೀಜಿಯಂ, ಟ್ರೆಪೆಜಾಯ್ಡ್, ಕ್ಯಾಪಿಟೇಟ್ ಮತ್ತು ಹ್ಯಾಮೇಟ್ ಇವೆ. ಎರಡನೆಯ ಸಾಲು ಮೆಟಾಕಾರ್ಪಲ್‌ಗಳಿಗೆ, ಅದರಲ್ಲೂ ಎರಡನೆಯ ಮತ್ತು ಮೂರನೆಯ ಮೂಳೆಗಳಿಗೆ, ಬಿಗಿಯಾಗಿ ಅಂಟಿಕೊಂಡಿದ್ದು ಬಹುಮಟ್ಟಿಗೆ ಅವುಗಳ ಜೊತೆಗೇ ಚಲಿಸುತ್ತದೆ. ಮೊದಲನೆಯ ಸಾಲಿನ ಸ್ಥಿತಿ ಬೇರೆ. ಮಣಿಕಟ್ಟನ್ನು ಬಾಗಿಸುವ ಸ್ನಾಯುರಜ್ಜುಗಳಲ್ಲಿ ಪಿಸಿಫಾರ್ಮ್‌ಗೆ ಸೇರುವ ಒಂದನ್ನು ಬಿಟ್ಟರೆ ಯಾವುದೂ ಈ ಸಾಲಿಗೆ ಅಂಟುವುದಿಲ್ಲ. ಎಲ್ಲವೂ ಅದನ್ನು ದಾಟಿ ಮುಂದಕ್ಕೆ ಹೋಗುತ್ತವೆ. ಹಾಗಾಗಿ ಸ್ಕೇಫಾಯ್ಡ್ ಮತ್ತು ಲೂನೇಟ್ ತಾವಾಗಿ ಚಲಿಸುವುದಿಲ್ಲ. ಅಕ್ಕಪಕ್ಕದ ಮೂಳೆಗಳ ಒತ್ತಡ ಮತ್ತು ಮೂಳೆಗಳನ್ನು ಒಂದಕ್ಕೊಂದು ಬಿಗಿಯುವ ಅಸ್ಥಿರಜ್ಜುಗಳ ಎಳೆತಕ್ಕೆ ಸಿಕ್ಕಿ ಚಲಿಸುತ್ತವೆ. ಮಣಿಕಟ್ಟಿನ ಕೋನ ಎಂದು ನಾವು ಕರೆಯುವುದು ರೇಡಿಯಸ್ ಮತ್ತು ಮೊದಲ ಸಾಲಿನ ನಡುವಿನ ಚಲನೆ ಹಾಗೂ ಎರಡು ಸಾಲುಗಳ ನಡುವಿನ ಚಲನೆ, ಇವೆರಡರ ಒಟ್ಟು ಮೊತ್ತ. ಚರ್ಮದ ಮೇಲೆ ಇಡುವ ಎಲ್ಲ ಉಪಕರಣಗಳಿಗೂ ಈ ಮೊತ್ತ ಮಾತ್ರ ಕಾಣುತ್ತದೆ, ಅದರ ಪಾಲುಗಳು ಕಾಣುವುದಿಲ್ಲ.

ಈ ಮೊತ್ತವನ್ನು ಸಾಮಾನ್ಯವಾಗಿ ಎರಡು ಜೋಡಿ ಚಲನೆಗಳಾಗಿ ವಿಂಗಡಿಸುತ್ತಾರೆ. ಕೈ ಅಂಗೈಯ ಕಡೆಗೆ ಬಾಗುವುದು ಮತ್ತು ಕೈಯ ಹಿಂಬದಿಗೆ ಏಳುವುದು ಒಂದು ಜೋಡಿ. ಹೆಬ್ಬೆರಳಿನ ಕಡೆಗೆ ಮತ್ತು ಕಿರುಬೆರಳಿನ ಕಡೆಗೆ ವಾಲುವುದು ಇನ್ನೊಂದು. ಆರೋಗ್ಯವಂತ ವಯಸ್ಕರಲ್ಲಿ ಅಂಗೈಯ ಕಡೆಗೆ ಸುಮಾರು 70ರಿಂದ 80 ಡಿಗ್ರಿ, ಹಿಂಬದಿಗೆ ಸುಮಾರು 70 ಡಿಗ್ರಿ, ಹೆಬ್ಬೆರಳಿನ ಕಡೆಗೆ ಸುಮಾರು 20 ಡಿಗ್ರಿ, ಕಿರುಬೆರಳಿನ ಕಡೆಗೆ 30ರಿಂದ 35 ಡಿಗ್ರಿ ಎಂಬ ಅಂದಾಜುಗಳು ಪಠ್ಯಪುಸ್ತಕಗಳಲ್ಲಿ ಸಿಗುತ್ತವೆ. ಅಂಗೈ ಮೇಲೆ ಕೆಳಗೆ ಮಗುಚುವ ಚಲನೆ ಮಣಿಕಟ್ಟಿನದಲ್ಲ. ಅದು ರೇಡಿಯಸ್ ಮೂಳೆ ಅಲ್ನಾದ ಸುತ್ತ ತಿರುಗುವುದರಿಂದ ಆಗುವ ಮುಂದೋಳಿನ ಚಲನೆ. ಆದರೂ ಮಣಿಕಟ್ಟಿನ ಅಳತೆಯನ್ನು ಅತಿ ಹೆಚ್ಚು ಕೆಡಿಸುವುದು ಇದೇ ಚಲನೆ ಎಂಬುದನ್ನು ಮುಂದೆ ನೋಡಲಿದ್ದೇವೆ.

ಬೆರಳುಗಳ ಸ್ಥಿತಿಯ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಬೆರಳುಗಳನ್ನು ಸಡಿಲವಾಗಿ ಬಿಟ್ಟು ಅಂಗೈಯ ಕಡೆಗೆ ಮಣಿಕಟ್ಟನ್ನು ಪೂರ್ತಿ ಬಾಗಿಸಿ, ಆಮೇಲೆ ಬಿಗಿಯಾಗಿ ಮುಷ್ಟಿ ಕಟ್ಟಿ ಅದನ್ನೇ ಮಾಡಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಬೆರಳುಗಳನ್ನು ನೀಡಿಸುವ ಸ್ನಾಯುರಜ್ಜುಗಳು ಮಣಿಕಟ್ಟಿನ ಹಿಂಬದಿಯಿಂದ ಹಾಯ್ದು ಹೋಗುವುದರಿಂದ, ಮುಷ್ಟಿ ಕಟ್ಟಿದಾಗ ಅವು ಮೊದಲೇ ಎಳೆದುಕೊಂಡಿರುತ್ತವೆ ಮತ್ತು ಮಣಿಕಟ್ಟು ಬಾಗಲು ಅವುಗಳಲ್ಲಿ ಉದ್ದ ಉಳಿದಿರುವುದಿಲ್ಲ. ಇದನ್ನು ದಾಖಲಿಸದ ಅಧ್ಯಯನದ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸುವುದು ಕಷ್ಟ.

ದಿನನಿತ್ಯದ ಕೆಲಸಗಳಿಗೆ ಎಷ್ಟು ಚಲನೆ ಬೇಕು ಎಂಬ ಪ್ರಶ್ನೆಗೆ ಬಂದಿರುವ ಉತ್ತರಗಳೂ ಇದನ್ನೇ ತೋರಿಸುತ್ತವೆ. 1985ರಲ್ಲಿ ಪಾಮರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ ಅಂಗೈಯ ಕಡೆಗೆ 5 ಡಿಗ್ರಿ, ಹಿಂಬದಿಗೆ 30 ಡಿಗ್ರಿ, ಹೆಬ್ಬೆರಳಿನ ಕಡೆಗೆ 10 ಡಿಗ್ರಿ, ಕಿರುಬೆರಳಿನ ಕಡೆಗೆ 15 ಡಿಗ್ರಿ ಇದ್ದರೆ ಬಹುಪಾಲು ಕೆಲಸಗಳು ನಡೆಯುತ್ತವೆ. 1991ರಲ್ಲಿ ರ್ಯೂ ಮತ್ತು ಸಂಗಡಿಗರು ಅಂಗೈಯ ಕಡೆಗೂ ಹಿಂಬದಿಗೂ ತಲಾ 40 ಡಿಗ್ರಿಗಳಷ್ಟು, ಪಕ್ಕಗಳಿಗೆ ಒಟ್ಟು 40 ಡಿಗ್ರಿಗಳಷ್ಟು ಬೇಕೆಂದರು. ಎರಡೂ ಗಂಭೀರ ಅಧ್ಯಯನಗಳೇ, ಆದರೆ ಅಂಗೈಯ ಕಡೆಗಿನ ಅಂಕಿಯಲ್ಲಿ ಎಂಟು ಪಟ್ಟು ಅಂತರವಿದೆ. ಯಾವ ಕೆಲಸಗಳನ್ನು ಆರಿಸಿಕೊಂಡರು, ಯಾವ ಉಪಕರಣ ಬಳಸಿದರು, ಸಾಕು ಎಂಬುದನ್ನು ಹೇಗೆ ನಿರ್ಧರಿಸಿದರು ಎಂಬುದನ್ನು ಬಿಟ್ಟು ಈ ಅಂಕಿಗಳನ್ನು ಮಾತ್ರ ಉಲ್ಲೇಖಿಸುವ ರೂಢಿ ವ್ಯಾಪಕವಾಗಿದೆ. ಅದು ಒಳ್ಳೆಯ ರೂಢಿಯಲ್ಲ.

ಉಪಕರಣಗಳಲ್ಲಿ ಅತ್ಯಂತ ಸರಳವಾದದ್ದು ಗೊನಿಯೋಮೀಟರ್, ಅಂದರೆ ಕೋನಮಾಪಕಕ್ಕೆ ಜೋಡಿಸಿದ ಎರಡು ಪಟ್ಟಿಗಳು. ಒಂದು ಪಟ್ಟಿಯನ್ನು ಮುಂದೋಳಿನ ಉದ್ದಕ್ಕೆ, ಇನ್ನೊಂದನ್ನು ಮೂರನೆಯ ಮೆಟಾಕಾರ್ಪಲ್‌ನ ಉದ್ದಕ್ಕೆ ಹೊಂದಿಸಿ ಕೋನವನ್ನು ಓದುತ್ತಾರೆ. ಪಟ್ಟಿಯನ್ನು ಕೈಯ ಹಿಂಬದಿಯ ಮೇಲೆ ಇಡಬಹುದು, ಹೆಬ್ಬೆರಳಿನ ಪಕ್ಕದಲ್ಲೋ ಕಿರುಬೆರಳಿನ ಪಕ್ಕದಲ್ಲೋ ಇಡಬಹುದು. ಮೂರು ಕಡೆ ಇಟ್ಟರೆ ಮೂರು ಬೇರೆ ಓದುಗಳು ಬರಬಹುದು. ಹಿಂಬದಿ ಅಥವಾ ಅಂಗೈಯ ಬದಿಯಲ್ಲಿ ಇಟ್ಟಾಗ ಓದುಗಳು ಹೆಚ್ಚು ಸ್ಥಿರವಾಗಿರುತ್ತವೆ ಎಂದು 1994ರಲ್ಲಿ ಲಾಸ್ಟೇಯೊ ಮತ್ತು ವೀಲರ್ ತೋರಿಸಿದರು. ನುರಿತವರ ಕೈಯಲ್ಲೂ ಕೆಲವು ಡಿಗ್ರಿಗಳ ವ್ಯತ್ಯಾಸ ಇದ್ದೇ ಇರುತ್ತದೆ. ಚಿಕಿತ್ಸಾಲಯದಲ್ಲಿ ಇದು ಸಾಕಾಗುವ ಸಾಧನ. ಆದರೆ ಅದು ನಿಂತ ಕೈಯನ್ನು ಮಾತ್ರ ಅಳೆಯಬಲ್ಲದು.

ಚಲಿಸುತ್ತಿರುವ ಕೈಯನ್ನು ಅಳೆಯಲು ಬಂದ ಮೊದಲ ಅನುಕೂಲಕರ ಸಾಧನಗಳಲ್ಲಿ ವಿದ್ಯುತ್ ಗೊನಿಯೋಮೀಟರ್ ಒಂದು. ಮುಂದೋಳಿನ ಮೇಲೊಂದು, ಕೈಯ ಹಿಂಬದಿಯ ಮೇಲೊಂದು ಸಣ್ಣ ತುಂಡನ್ನು ಅಂಟಿಸಿ, ಅವೆರಡರ ನಡುವೆ ಬಳುಕುವ ತೆಳುವಾದ ತಂತಿಯನ್ನು ಹಾಯಿಸಿರುತ್ತಾರೆ. ತಂತಿ ಎಷ್ಟು ಬಳುಕಿತು ಎಂಬುದು ವಿದ್ಯುತ್ ಸಂಕೇತವಾಗಿ ದಾಖಲಾಗುತ್ತದೆ. ಕೆಲಸದ ಸ್ಥಳಗಳಲ್ಲಿ ಗಂಟೆಗಟ್ಟಲೆ ಅಳೆಯಬಹುದಾದ್ದರಿಂದ ಇದು ಉದ್ಯೋಗ ಸಂಬಂಧಿ ಅಧ್ಯಯನಗಳಲ್ಲಿ ಜನಪ್ರಿಯವಾಯಿತು. ಇದರ ದೊಡ್ಡ ತೊಂದರೆಯೆಂದರೆ ಒಂದು ಚಲನೆಯ ಸಂಕೇತ ಇನ್ನೊಂದು ಚಲನೆಯ ಸಾಲಿಗೆ ಸೋರುವುದು. ಮುಂದೋಳು ಮಗುಚಿದಾಗ ಚರ್ಮ ಮೂಳೆಯಷ್ಟು ತಿರುಗುವುದಿಲ್ಲ, ತಂತಿ ತಿರುಚಿಕೊಳ್ಳುತ್ತದೆ, ಮತ್ತು ಮುಂದೋಳಿನ ತುಂಡು ಕೈಯ ನಿಜವಾದ ಬಾಗುವ ದಿಕ್ಕಿಗೆ ಓರೆಯಾಗಿ ನಿಲ್ಲುತ್ತದೆ.

ಈ ಓರೆ ಎಷ್ಟು ಹಾನಿ ಮಾಡುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಕೈ ಪಕ್ಕಕ್ಕೆ ಸ್ವಲ್ಪವೂ ವಾಲದೆ ಅಂಗೈಯ ಕಡೆಗೆ ನೇರವಾಗಿ 60 ಡಿಗ್ರಿ ಬಾಗಿತು ಎಂದುಕೊಳ್ಳೋಣ. ಮುಂದೋಳಿನ ಸಂವೇದಕ ಮುಂದೋಳಿನ ಉದ್ದದ ಅಕ್ಷದ ಸುತ್ತ ಕೇವಲ 10 ಡಿಗ್ರಿ ತಿರುಗಿ ಕುಳಿತಿದೆ. ಆಗ ಪಕ್ಕದ ವಾಲುವಿಕೆಯ ಸೈನ್ ಬೆಲೆ 60 ಡಿಗ್ರಿಯ ಸೈನ್ ಮತ್ತು 10 ಡಿಗ್ರಿಯ ಸೈನ್‌ಗಳ ಗುಣಲಬ್ಧವಾಗುತ್ತದೆ, ಅಂದರೆ ಸುಮಾರು 0.15. ಇದು ಸುಮಾರು 8.6 ಡಿಗ್ರಿ ವಾಲುವಿಕೆಯಾಗಿ ದಾಖಲಾಗುತ್ತದೆ. ಬಾಗುವಿಕೆಯ ಅಂಕಿ ಮಾತ್ರ 59.6 ಎಂದು ಬರುತ್ತದೆ, ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಹೆಬ್ಬೆರಳಿನ ಕಡೆಗಿನ ಒಟ್ಟು ವ್ಯಾಪ್ತಿಯೇ 20 ಡಿಗ್ರಿ ಇರುವಾಗ 8.6 ಡಿಗ್ರಿಗಳ ಹುಸಿ ಚಲನೆ ಸಣ್ಣದಲ್ಲ. ಇದಕ್ಕಿಂತ ಅಪಾಯಕಾರಿ ಸಂಗತಿ ಇನ್ನೊಂದಿದೆ: ಕೈ ಹಿಂಬದಿಗೆ ಎದ್ದಾಗ ಈ ಹುಸಿ ವಾಲುವಿಕೆ ಎದುರು ದಿಕ್ಕಿಗೆ ತಿರುಗುತ್ತದೆ. ಹೀಗಾಗಿ ದಾಖಲೆಯಲ್ಲಿ ಬಾಗುವಿಕೆ ಮತ್ತು ವಾಲುವಿಕೆ ಒಂದಕ್ಕೊಂದು ಹೆಣೆದುಕೊಂಡಂತೆ ಅಂದವಾದ ಸಂಬಂಧ ಮೂಡುತ್ತದೆ. ಮಣಿಕಟ್ಟಿನಲ್ಲಿ ಅಂಥ ಸಂಬಂಧ ನಿಜವಾಗಿಯೂ ಇದೆ. ಆದ್ದರಿಂದ ದಾಖಲೆಯಲ್ಲಿ ಕಂಡದ್ದರಲ್ಲಿ ಮೂಳೆಗಳ ಪಾಲು ಎಷ್ಟು, ಓರೆಯಾಗಿ ಕುಳಿತ ಸಂವೇದಕದ ಪಾಲು ಎಷ್ಟು ಎಂಬುದನ್ನು ಬೇರ್ಪಡಿಸದೆ ತೀರ್ಮಾನಕ್ಕೆ ಬರಬಾರದು.

ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವುದು ಬೆಳಕನ್ನು ಪ್ರತಿಫಲಿಸುವ ಸಣ್ಣ ಗುಂಡುಗಳು ಮತ್ತು ಹಲವು ಕ್ಯಾಮೆರಾಗಳ ವ್ಯವಸ್ಥೆ. ಕನಿಷ್ಠ ಎರಡು ಕ್ಯಾಮೆರಾಗಳಿಗೆ ಕಂಡ ಗುಂಡಿನ ಸ್ಥಾನವನ್ನು ಮೂರು ಆಯಾಮಗಳಲ್ಲಿ ಲೆಕ್ಕ ಹಾಕಬಹುದು. ಒಂದೇ ಸಾಲಿನಲ್ಲಿರದ ಮೂರು ಗುಂಡುಗಳು ಸಿಕ್ಕರೆ ಆ ಅಂಗಭಾಗದ ಸ್ಥಾನ ಮತ್ತು ದಿಕ್ಕು ಎರಡೂ ಸಿಗುತ್ತವೆ. ಮುಂದೋಳಿಗೊಂದು, ಕೈಗೊಂದು ನಿರ್ದೇಶಾಂಕ ವ್ಯವಸ್ಥೆಯನ್ನು ಕಟ್ಟಿ, ಒಂದರ ದೃಷ್ಟಿಯಿಂದ ಇನ್ನೊಂದು ಎಷ್ಟು ತಿರುಗಿದೆ ಎಂದು ಕಂಡುಹಿಡಿಯುವುದು ಮುಂದಿನ ಹೆಜ್ಜೆ. ಈ ತಿರುಗುವಿಕೆಯನ್ನು ವೈದ್ಯರಿಗೂ ಅರ್ಥವಾಗುವ ಮೂರು ಕೋನಗಳಾಗಿ ಒಡೆಯುವಾಗ ಯಾವ ಅಕ್ಷವನ್ನು ಮೊದಲು, ಯಾವುದನ್ನು ಆಮೇಲೆ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಏಳುತ್ತದೆ. ಮೂರು ಆಯಾಮಗಳಲ್ಲಿ ತಿರುಗುವಿಕೆಗಳ ಕ್ರಮ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಬಾಗುವಿಕೆಯನ್ನು ಮೊದಲು ಲೆಕ್ಕ ಹಾಕುವ ಕ್ರಮದಲ್ಲಿ 40 ಡಿಗ್ರಿ ಬಾಗುವಿಕೆ, 20 ಡಿಗ್ರಿ ವಾಲುವಿಕೆ ಎಂದು ಬರುವ ಕೈಯ ಒಂದು ನಿಲುವು, ವಾಲುವಿಕೆಯನ್ನು ಮೊದಲು ಲೆಕ್ಕ ಹಾಕುವ ಕ್ರಮದಲ್ಲಿ ಸುಮಾರು 37 ಡಿಗ್ರಿ ಬಾಗುವಿಕೆ, 25 ಡಿಗ್ರಿ ವಾಲುವಿಕೆ ಎಂದು ಬರುತ್ತದೆ. ಕೈ ಇದ್ದಲ್ಲೇ ಇದೆ. ಎರಡು ಉತ್ತರಗಳಲ್ಲಿ ಯಾವುದೂ ತಪ್ಪಲ್ಲ, ಆದರೆ ಅವೆರಡನ್ನು ಒಂದೇ ಕೋಷ್ಟಕದಲ್ಲಿ ಇಡುವಂತಿಲ್ಲ.

ಈ ಗೊಂದಲಕ್ಕೆ ಗ್ರೂಡ್ ಮತ್ತು ಸನ್‌ಟೇ 1983ರಲ್ಲಿ ಮೊಣಕಾಲಿಗಾಗಿ ಒಂದು ದಾರಿ ಸೂಚಿಸಿದ್ದರು. ಒಂದು ಅಕ್ಷವನ್ನು ಮೇಲಿನ ಅಂಗಭಾಗಕ್ಕೆ, ಇನ್ನೊಂದನ್ನು ಕೆಳಗಿನ ಅಂಗಭಾಗಕ್ಕೆ ಕಟ್ಟಿ, ಇವೆರಡಕ್ಕೂ ಲಂಬವಾಗಿರುವ ತೇಲುವ ಅಕ್ಷವನ್ನು ಮೂರನೆಯದಾಗಿ ಬಳಸುವುದು ಅವರ ವಿಧಾನ. ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಬಯೋಮೆಕ್ಯಾನಿಕ್ಸ್ ಭುಜ, ಮೊಣಕೈ, ಮಣಿಕಟ್ಟು ಮತ್ತು ಕೈಗಳಿಗಾಗಿ 2005ರಲ್ಲಿ ಪ್ರಕಟಿಸಿದ ಶಿಫಾರಸು ಇದೇ ವಿಧಾನವನ್ನು ಅನುಸರಿಸುತ್ತದೆ. ಅದರಂತೆ ಬಾಗುವಿಕೆಯ ಅಕ್ಷ ರೇಡಿಯಸ್ ಮೂಳೆಗೆ, ಉದ್ದದ ಅಕ್ಷ ಮೂರನೆಯ ಮೆಟಾಕಾರ್ಪಲ್‌ಗೆ ಸೇರುತ್ತವೆ. ಪಕ್ಕದ ವಾಲುವಿಕೆ ತೇಲುವ ಅಕ್ಷದ ಸುತ್ತ ನಡೆಯುತ್ತದೆ. ಮೆಟಾಕಾರ್ಪಲ್‌ನ ಉದ್ದ ರೇಡಿಯಸ್‌ನ ಉದ್ದಕ್ಕೆ ಸಮಾನಾಂತರವಾಗಿ ನಿಂತಾಗ ಅದು ತಟಸ್ಥ ಸ್ಥಿತಿ, ಅಂದರೆ ಸೊನ್ನೆ. ಇದೊಂದು ಒಪ್ಪಂದವೇ ಹೊರತು ಪ್ರಕೃತಿ ಕೊಟ್ಟ ಸೊನ್ನೆಯಲ್ಲ. ಮೇಜಿನ ಮೇಲೆ ಅಂಗೈಯನ್ನು ಚಪ್ಪಟೆಯಾಗಿ ಇರಿಸಿ ಅದನ್ನೇ ಸೊನ್ನೆ ಎಂದುಕೊಳ್ಳುವ ಅಧ್ಯಯನಗಳೂ ಇವೆ. ಮುಂದೋಳಿನ ಮಾಂಸಲ ಭಾಗ ಮತ್ತು ಅಂಗೈ ಒಂದೇ ದಪ್ಪ ಇರುವುದಿಲ್ಲವಾದ್ದರಿಂದ ಎರಡು ಸೊನ್ನೆಗಳು ಒಂದೇ ಆಗಬೇಕಿಲ್ಲ.

ಗುಂಡುಗಳು ಅಂಟಿರುವುದು ಚರ್ಮಕ್ಕೆ, ಮೂಳೆಗಲ್ಲ. ಕೈ ಬಾಗಿದಾಗ ಹಿಂಬದಿಯ ಚರ್ಮ ಹಿಗ್ಗುತ್ತದೆ, ಸ್ನಾಯುರಜ್ಜುಗಳು ಅದರಡಿಯಲ್ಲಿ ಉಬ್ಬುತ್ತವೆ, ಗುಂಡುಗಳ ನಡುವಿನ ಅಂತರ ಬದಲಾಗುತ್ತದೆ. ಮುಂದೋಳಿನ ಗುಂಡುಗಳನ್ನು ಮೊಣಕೈಗೆ ಹತ್ತಿರ ಇಟ್ಟರೆ ರೇಡಿಯಸ್‌ನ ತಿರುಗುವಿಕೆಯ ಬಹುಪಾಲು ಅವುಗಳಿಗೆ ಸಿಗುವುದೇ ಇಲ್ಲ, ಆಗ ಮೇಲೆ ಲೆಕ್ಕ ಹಾಕಿದ ಓರೆ 10 ಡಿಗ್ರಿಯಲ್ಲಿ ನಿಲ್ಲುವುದಿಲ್ಲ. ಮಣಿಕಟ್ಟಿಗೆ ಹತ್ತಿರ, ರೇಡಿಯಸ್ ಮತ್ತು ಅಲ್ನಾಗಳ ತುದಿಯ ಉಬ್ಬುಗಳ ಮೇಲೆ ಇಡುವುದು ಇದಕ್ಕಾಗಿಯೇ. ಕ್ಯಾಮೆರಾ ವ್ಯವಸ್ಥೆ ಗುಂಡಿನ ಸ್ಥಾನವನ್ನು ಮಿಲಿಮೀಟರಿಗಿಂತ ಕಡಿಮೆ ದೋಷದಲ್ಲಿ ಹೇಳಬಲ್ಲದು ಎಂಬ ಮಾತು ನಿಜವಾದರೂ, ಆ ನಿಖರತೆ ಚರ್ಮದ ಮೇಲಿನ ಗುಂಡಿಗೆ ಸೇರಿದ್ದು.

ಜಡತ್ವ ಸಂವೇದಕಗಳಿಗೆ ಕ್ಯಾಮೆರಾ ಬೇಡ. ಕೈಗೊಂದು, ಮುಂದೋಳಿಗೊಂದು ಸಣ್ಣ ಪೆಟ್ಟಿಗೆ ಕಟ್ಟಿದರೆ ಒಳಗಿನ ಗೈರೋಸ್ಕೋಪ್ ತಿರುಗುವ ವೇಗವನ್ನು, ಆಕ್ಸೆಲೆರೋಮೀಟರ್ ಗುರುತ್ವದ ದಿಕ್ಕನ್ನೂ ಚಲನೆಯ ವೇಗೋತ್ಕರ್ಷವನ್ನೂ ಹೇಳುತ್ತವೆ. ಗೈರೋಸ್ಕೋಪಿನ ವೇಗವನ್ನು ಕೂಡಿಸುತ್ತಾ ಹೋದಾಗ ಅದರ ಸಣ್ಣ ದೋಷವೂ ಕೂಡುತ್ತಾ ಹೋಗಿ ಕೋನ ನಿಧಾನವಾಗಿ ದಾರಿ ತಪ್ಪುತ್ತದೆ. ಗುರುತ್ವದ ನೆರವಿನಿಂದ ಓರೆಯನ್ನು ತಿದ್ದಬಹುದು, ಲಂಬ ಅಕ್ಷದ ಸುತ್ತಲಿನ ದಿಕ್ಕನ್ನು ತಿದ್ದಲು ಭೂಮಿಯ ಕಾಂತಕ್ಷೇತ್ರವನ್ನು ಅವಲಂಬಿಸಬೇಕು. ಸುತ್ತ ಕಬ್ಬಿಣದ ಯಂತ್ರಗಳಿದ್ದರೆ ಆ ಕ್ಷೇತ್ರವೇ ಬಾಗಿರುತ್ತದೆ. ಸಾಮಾನ್ಯ ವಿಡಿಯೊದಿಂದ ಕೈಯ ಕೀಲುಗಳನ್ನು ಗುರುತಿಸುವ ತಂತ್ರಾಂಶಗಳೂ ಈಗ ಸುಲಭವಾಗಿ ಸಿಗುತ್ತವೆ. ಅವುಗಳಲ್ಲಿ ಪ್ರಸಿದ್ಧವಾದ ಮೀಡಿಯಾಪೈಪ್ ಒಂದು ಕೈಗೆ 21 ಬಿಂದುಗಳನ್ನು ಕೊಡುತ್ತದೆ, ಆದರೆ ಮಣಿಕಟ್ಟಿಗೆ ಸಿಗುವುದು ಅವುಗಳಲ್ಲಿ ಒಂದೇ ಬಿಂದು. ಒಂದು ಬಿಂದುವಿನಿಂದ ಮುಂದೋಳಿನ ದಿಕ್ಕು ತಿಳಿಯುವುದಿಲ್ಲ, ಆದ್ದರಿಂದ ಮಣಿಕಟ್ಟಿನ ಕೋನಕ್ಕೆ ಮುಂದೋಳಿನ ಮಾಹಿತಿಯನ್ನು ಬೇರೆ ಕಡೆಯಿಂದ ತರಬೇಕು.

ಕೋನ ಸಿಕ್ಕ ಮೇಲೆ ವೇಗ ಮತ್ತು ವೇಗೋತ್ಕರ್ಷಗಳ ಪ್ರಶ್ನೆ ಬರುತ್ತದೆ. ಮಾರಸ್ ಮತ್ತು ಶೋನ್‌ಮಾರ್ಕ್ಲಿನ್ 1993ರಲ್ಲಿ ಕಾರ್ಖಾನೆಯ ಕೆಲಸಗಾರರ ಮಣಿಕಟ್ಟಿನ ಚಲನೆಯನ್ನು ಅಳೆದು ಪ್ರಕಟಿಸಿದಾಗ, ಕೈ ನೋವಿನ ತೊಂದರೆಗಳು ಹೆಚ್ಚಿದ್ದ ಕೆಲಸಗಳನ್ನೂ ಕಡಿಮೆ ಇದ್ದ ಕೆಲಸಗಳನ್ನೂ ಚೆನ್ನಾಗಿ ಬೇರ್ಪಡಿಸಿದ್ದು ಕೋನವಲ್ಲ, ಬಾಗುವಿಕೆಯ ವೇಗೋತ್ಕರ್ಷ. ಕಡಿಮೆ ಅಪಾಯದ ಗುಂಪಿನಲ್ಲಿ ಅದರ ಸರಾಸರಿ ಸೆಕೆಂಡಿನ ವರ್ಗಕ್ಕೆ ಸುಮಾರು 490 ಡಿಗ್ರಿ, ಹೆಚ್ಚು ಅಪಾಯದ ಗುಂಪಿನಲ್ಲಿ ಸುಮಾರು 820 ಡಿಗ್ರಿ ಇತ್ತು. ವೇಗೋತ್ಕರ್ಷವನ್ನು ಕೋನದ ದಾಖಲೆಯಿಂದ ಪಡೆಯಲು ಎರಡು ಬಾರಿ ವ್ಯತ್ಯಾಸ ತೆಗೆಯಬೇಕು, ಪ್ರತಿ ಬಾರಿಯೂ ದಾಖಲೆಯಲ್ಲಿರುವ ನಡುಕ ಹಿಗ್ಗುತ್ತದೆ. ಸೆಕೆಂಡಿಗೆ 100 ಬಾರಿ ಅಳೆದ ಕೋನದಲ್ಲಿ ಕೇವಲ ಅರ್ಧ ಡಿಗ್ರಿಯಷ್ಟು ಗೊತ್ತುಗುರಿಯಿಲ್ಲದ ನಡುಕವಿದ್ದರೂ, ಎರಡು ಬಾರಿ ವ್ಯತ್ಯಾಸ ತೆಗೆದಾಗ ಅದು ಸೆಕೆಂಡಿನ ವರ್ಗಕ್ಕೆ 12,000 ಡಿಗ್ರಿಗಳನ್ನು ಮೀರುತ್ತದೆ. ಹುಡುಕುತ್ತಿರುವ 820 ಅದರಲ್ಲಿ ಮುಳುಗಿಹೋಗುತ್ತದೆ. ಹೀಗಾಗಿ ಮೊದಲು ಶೋಧಕದ (ಫಿಲ್ಟರ್) ಮೂಲಕ ಕೋನದ ದಾಖಲೆಯಲ್ಲಿನ ತೀರ ಚುರುಕಾದ ಏರಿಳಿತಗಳನ್ನು ತೆಗೆದುಹಾಕುವುದು ಅನಿವಾರ್ಯ. ಆದರೆ ಶೋಧಕವನ್ನು ಬಿಗಿ ಮಾಡಿದಷ್ಟೂ ನಿಜವಾದ ಚುರುಕು ಚಲನೆಯ ತುದಿಯೂ ಕತ್ತರಿಸಿಹೋಗುತ್ತದೆ. ಶೋಧಕದ ಮಿತಿಯನ್ನು ಹೇಳದ ವೇಗೋತ್ಕರ್ಷದ ಅಂಕಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ ಎಂದೇ ನನ್ನ ಅಭಿಪ್ರಾಯ.

ಅಳತೆ ಎಷ್ಟು ನಂಬಲರ್ಹ ಎಂಬುದನ್ನು ತಿಳಿಯಲು ಅದೇ ವ್ಯಕ್ತಿಯನ್ನು ಮತ್ತೆ ಅಳೆಯುತ್ತಾರೆ, ಸಂವೇದಕಗಳನ್ನು ತೆಗೆದು ಪುನಃ ಅಂಟಿಸಿ. ಒಮ್ಮೆ ಅಂಟಿಸಿ ಹತ್ತು ಬಾರಿ ಅಳೆದರೆ ಅಂಟಿಸುವಾಗಿನ ದೋಷ ಹೊರಬರುವುದೇ ಇಲ್ಲ. ಒಂದು ಅಳತೆಯ ಪ್ರಮಾಣ ದೋಷ, ಅಂದರೆ ಮತ್ತೆ ಮತ್ತೆ ಅಳೆದಾಗ ಓದುಗಳು ಸಾಮಾನ್ಯವಾಗಿ ಚದುರುವ ಮಟ್ಟ, 3 ಡಿಗ್ರಿ ಇದೆ ಎಂದಾದರೆ, ಎರಡು ಅಳತೆಗಳಲ್ಲೂ ಅಷ್ಟೇ ದೋಷ ಇರುವುದರಿಂದ, ಒಬ್ಬ ವ್ಯಕ್ತಿಯಲ್ಲಿ ಸುಮಾರು 8.3 ಡಿಗ್ರಿಗಿಂತ ಕಡಿಮೆ ಇರುವ ಬದಲಾವಣೆಯನ್ನು ಶೇಕಡಾ 95ರ ವಿಶ್ವಾಸದೊಂದಿಗೆ ನಿಜವೆಂದು ಹೇಳಲಾಗದು. ಚಿಕಿತ್ಸೆಯಿಂದ 5 ಡಿಗ್ರಿ ಸುಧಾರಿಸಿತು ಎಂಬ ವಾಕ್ಯವನ್ನು ಓದುವಾಗ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಎರಡು ಉಪಕರಣಗಳನ್ನು ಹೋಲಿಸುವಾಗ ಅವುಗಳ ಓದುಗಳು ಒಟ್ಟಿಗೆ ಏರಿಳಿಯುತ್ತವೆ ಎಂದು ತೋರಿಸಿದರೆ ಸಾಲದು. ಒಂದು ಯಾವಾಗಲೂ 10 ಡಿಗ್ರಿ ಹೆಚ್ಚು ತೋರಿಸಿದರೂ ಅವು ಒಟ್ಟಿಗೇ ಏರಿಳಿಯುತ್ತವೆ. ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ವಿವರಿಸಿದಂತೆ ಎರಡು ಓದುಗಳ ವ್ಯತ್ಯಾಸವನ್ನೇ ನೇರವಾಗಿ ಪರಿಶೀಲಿಸುವುದು ಸರಿಯಾದ ಮಾರ್ಗ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಚರ್ಮದ ಮೇಲಿನಿಂದ ಸಿಗುವುದು ಮೊತ್ತ ಮಾತ್ರ. ಎಂಟು ಮೂಳೆಗಳ ಪಾಲನ್ನು ನೋಡಲು ಮೂಳೆಗಳನ್ನೇ ನೋಡಬೇಕು. 1980ರ ದಶಕದಲ್ಲಿ ಶವದ ಕೈಗಳ ಮೂಳೆಗಳಲ್ಲಿ ಟ್ಯಾಂಟಲಮ್ ಲೋಹದ ಪುಟ್ಟ ಗುಂಡುಗಳನ್ನು ಹುದುಗಿಸಿ, ಎರಡು ದಿಕ್ಕುಗಳಿಂದ ಎಕ್ಸ್‌ರೇ ತೆಗೆದು ಅವುಗಳ ಚಲನೆಯನ್ನು ಲೆಕ್ಕ ಹಾಕಿದರು. ಜೀವಂತ ವ್ಯಕ್ತಿಗಳಲ್ಲಿ ಇದು ಸುಲಭವಲ್ಲ. ಮುಂದೆ ಹಲವು ನಿಲುವುಗಳಲ್ಲಿ ಸಿಟಿ ಸ್ಕ್ಯಾನ್ ತೆಗೆದು, ಪ್ರತಿ ಮೂಳೆಯ ಮೇಲ್ಮೈ ಆಕಾರವನ್ನೇ ಗುರುತಾಗಿ ಬಳಸಿ ಒಂದು ನಿಲುವಿನಿಂದ ಇನ್ನೊಂದಕ್ಕೆ ಅದು ಎಷ್ಟು ತಿರುಗಿತು, ಎಷ್ಟು ಸರಿಯಿತು ಎಂದು ಕಂಡುಹಿಡಿಯುವ ವಿಧಾನ ಬಂದಿತು. ಕ್ರಿಸ್ಕೊ, ವುಲ್ಫ್ ಮತ್ತು ಸಂಗಡಿಗರು ಇದನ್ನು ಬೆಳೆಸಿದವರಲ್ಲಿ ಪ್ರಮುಖರು. ಇಂಥ ಸಣ್ಣ ಮೂಳೆಗಳಿಗೆ ಮೂರು ಕೋನಗಳ ಭಾಷೆ ಅಷ್ಟಾಗಿ ಹೊಂದುವುದಿಲ್ಲ. ಎರಡು ನಿಲುವುಗಳ ನಡುವಿನ ಚಲನೆಯನ್ನು ಒಂದೇ ಅಕ್ಷದ ಸುತ್ತಲಿನ ತಿರುಗುವಿಕೆ ಮತ್ತು ಅದೇ ಅಕ್ಷದ ಉದ್ದಕ್ಕೆ ಸರಿಯುವಿಕೆ ಎಂದು ಹೇಳುವ ತಿರುಪು ಅಕ್ಷದ ವಿಧಾನ ಹೆಚ್ಚು ಅನುಕೂಲ. ಅದರಲ್ಲಿ ಕ್ರಮದ ಗೊಂದಲವಿಲ್ಲ. ಆದರೆ ತಿರುಗುವಿಕೆ ತೀರ ಸಣ್ಣದಾದಾಗ ಅಕ್ಷದ ದಿಕ್ಕು ಅಸ್ಥಿರವಾಗುತ್ತದೆ.

ಈ ಅಳತೆಗಳಿಂದ ಹಳೆಯ ಕೆಲವು ಸರಳ ಚಿತ್ರಗಳು ಬದಲಾದವು. ಇಡೀ ಮಣಿಕಟ್ಟು ಕ್ಯಾಪಿಟೇಟ್ ಮೂಳೆಯ ತಲೆಯ ಮೂಲಕ ಹಾಯುವ ಸ್ಥಿರ ಅಕ್ಷಗಳ ಸುತ್ತ ತಿರುಗುತ್ತದೆ ಎಂಬುದು ಅಂದಾಜಿಗೆ ಸರಿ, ವಿವರಕ್ಕೆ ಅಲ್ಲ. ಕೈ ಅಂಗೈಯ ಕಡೆಗೆ ಬಾಗುವಾಗ ಸ್ಕೇಫಾಯ್ಡ್ ಕ್ಯಾಪಿಟೇಟ್‌ನ ಚಲನೆಯ ಸುಮಾರು ಮುಕ್ಕಾಲು ಪಾಲು, ಲೂನೇಟ್ ಸುಮಾರು ಅರ್ಧ ಪಾಲು ತಿರುಗುತ್ತವೆ, ಅಂದರೆ ಒಂದೇ ಸಾಲಿನ ನೆರೆಯ ಮೂಳೆಗಳು ಒಂದೇ ತುಂಡಿನಂತೆ ವರ್ತಿಸುವುದಿಲ್ಲ. ಕೈ ಹೆಬ್ಬೆರಳಿನ ಕಡೆಗೆ ವಾಲಿದಾಗ ಮೊದಲ ಸಾಲು ಅಂಗೈಯ ಕಡೆಗೂ, ಕಿರುಬೆರಳಿನ ಕಡೆಗೆ ವಾಲಿದಾಗ ಹಿಂಬದಿಗೂ ಬಾಗುತ್ತದೆ. ಹಿಂಬದಿಗೆ ಎದ್ದು ಹೆಬ್ಬೆರಳಿನ ಕಡೆ ವಾಲಿದ ಸ್ಥಿತಿಯಿಂದ ಅಂಗೈಯ ಕಡೆಗೆ ಬಾಗಿ ಕಿರುಬೆರಳಿನ ಕಡೆ ವಾಲುವ ಓರೆ ಚಲನೆಯಲ್ಲಿ, ಅಂದರೆ ಸುತ್ತಿಗೆ ಬೀಸುವಾಗ ಅಥವಾ ಚೂಪಾದ ಬಾಣವನ್ನು ಗುರಿಗೆ ಎಸೆಯುವಾಗ ಕಾಣುವ ಚಲನೆಯಲ್ಲಿ, ಬಾಗುವಿಕೆಯಿಂದ ಮತ್ತು ವಾಲುವಿಕೆಯಿಂದ ಮೊದಲ ಸಾಲಿಗೆ ಬರುವ ಎರಡು ಒಲವುಗಳು ಒಂದನ್ನೊಂದು ರದ್ದು ಮಾಡುತ್ತವೆ. ಆಗ ಸ್ಕೇಫಾಯ್ಡ್ ಮತ್ತು ಲೂನೇಟ್ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತವೆ. ಚಲನೆಯ ಬಹುಪಾಲು ಎರಡು ಸಾಲುಗಳ ನಡುವೆ ನಡೆಯುತ್ತದೆ. ಬಾಗುವಿಕೆ ಮತ್ತು ವಾಲುವಿಕೆಗಳನ್ನು ಬೇರೆ ಬೇರೆಯಾಗಿ ಮಾತ್ರ ಪರೀಕ್ಷಿಸುವ ಪ್ರಯೋಗದಲ್ಲಿ ಇದು ಕಾಣಿಸುವುದೇ ಇಲ್ಲ. ಮೇಲೆ ಲೆಕ್ಕ ಹಾಕಿದ ಹುಸಿ ವಾಲುವಿಕೆ ಈ ಓರೆ ಹಾದಿಯನ್ನೇ ತಿರುಚಿ ತೋರಿಸಬಲ್ಲದು ಎಂಬ ಕಾರಣಕ್ಕೂ ಅಕ್ಷಗಳ ಹೊಂದಾಣಿಕೆ ಮುಖ್ಯವಾಗುತ್ತದೆ.

ನಿಲುವು ನಿಲುವಾಗಿ ತೆಗೆದ ಸಿಟಿ ಚಿತ್ರಗಳಿಗೆ ಒಂದು ಮಿತಿಯಿದೆ: ಕೈ ಪ್ರತಿ ಬಾರಿ ನಿಂತಿರುತ್ತದೆ. ಸ್ಕೇಫಾಯ್ಡ್ ಮತ್ತು ಲೂನೇಟ್‌ಗಳನ್ನು ಹಿಡಿದಿರುವ ಅಸ್ಥಿರಜ್ಜು ಭಾಗಶಃ ಹರಿದಾಗ ಹೊರಗಿನ ಕೋನ ಸಾಮಾನ್ಯಕ್ಕೆ ಹತ್ತಿರವೇ ಇರಬಹುದು, ಸುಮ್ಮನೆ ಇಟ್ಟ ಕೈಯ ಎಕ್ಸ್‌ರೇಯಲ್ಲೂ ದೋಷ ಕಾಣದಿರಬಹುದು. ಚಲಿಸುವಾಗ ಅಥವಾ ಭಾರ ಬಿದ್ದಾಗ ಮಾತ್ರ ಎರಡು ಮೂಳೆಗಳ ನಡುವೆ ಅಂತರ ತೆರೆದುಕೊಳ್ಳುತ್ತದೆ. ಎರಡು ದಿಕ್ಕುಗಳಿಂದ ಏಕಕಾಲದಲ್ಲಿ ತೆಗೆಯುವ ಎಕ್ಸ್‌ರೇ ವಿಡಿಯೊ ಮತ್ತು ಚಲಿಸುತ್ತಿರುವ ಕೈಯನ್ನು ಸತತವಾಗಿ ಚಿತ್ರಿಸುವ ಸಿಟಿ ಸ್ಕ್ಯಾನ್‌ಗಳು ಬಳಕೆಗೆ ಬಂದಿರುವುದು ಇಂಥ ಪ್ರಶ್ನೆಗಳಿಗಾಗಿ. ಇವೆರಡರಲ್ಲೂ ವಿಕಿರಣದ ಪ್ರಮಾಣ ಲೆಕ್ಕಕ್ಕೆ ಬರುತ್ತದೆ, ಚಿತ್ರದ ಚೌಕಟ್ಟು ಸಣ್ಣದು, ಕೈ ಯಂತ್ರದೊಳಗೆ ನಿಗದಿತ ಹಾದಿಯಲ್ಲೇ ಚಲಿಸಬೇಕು. ದಿನವಿಡೀ ಕೆಲಸ ಮಾಡುವ ಕೈಯನ್ನು ಹಿಂಬಾಲಿಸಲು ಅವುಗಳಿಗೆ ಸಾಧ್ಯವಿಲ್ಲ, ದಿನವಿಡೀ ಹಿಂಬಾಲಿಸಬಲ್ಲ ಸಂವೇದಕಕ್ಕೆ ಲೂನೇಟ್ ಕಾಣುವುದಿಲ್ಲ. ಹೀಗಾಗಿ ಕೆಲವು ಗುಂಪುಗಳು ಅದೇ ವ್ಯಕ್ತಿಗಳನ್ನು ಎರಡೂ ಬಗೆಯಲ್ಲಿ ಅಳೆದು, ಹೊರಗಿನ ಕೋನದಿಂದ ಒಳಗಿನ ಮೂಳೆಗಳ ನಿಲುವನ್ನು ಎಷ್ಟರಮಟ್ಟಿಗೆ ಊಹಿಸಬಹುದು ಎಂದು ಪರಿಶೀಲಿಸುತ್ತಿವೆ. ಆರೋಗ್ಯವಂತ ಮಣಿಕಟ್ಟಿನಲ್ಲಿ ಈ ಊಹೆಗೆ ಒಂದಿಷ್ಟು ಆಧಾರವಿದೆ, ಏಕೆಂದರೆ ಅಲ್ಲಿ ಅಸ್ಥಿರಜ್ಜುಗಳು ಮೂಳೆಗಳನ್ನು ಒಂದು ನಿಯಮದಲ್ಲಿ ಹಿಡಿದಿಟ್ಟಿರುತ್ತವೆ. ಅಸ್ಥಿರಜ್ಜು ಹರಿದ ಕೈಯಲ್ಲಿ ಮುರಿದಿರುವುದು ಆ ನಿಯಮವೇ ಆದ್ದರಿಂದ, ಅಲ್ಲಿ ಆರೋಗ್ಯವಂತರಿಂದ ಪಡೆದ ಸೂತ್ರವನ್ನು ಬಳಸುವಂತಿಲ್ಲ. ಮೂಳೆಗಳನ್ನು ನೇರವಾಗಿಯೇ ನೋಡಬೇಕಾಗುತ್ತದೆ.